ಮಂಚದಿಂದ ನೆಲಕ್ಕೆ

ಆ ಊರಿನಲ್ಲಿ ಸಾಯಲು ಮಲಗಿದವರು ಯಾರೇ ಆಗಲಿ, ಕರಿಯಯ್ಯ ಹೇಳುವ ತನಕ ಮಂಚದಿಂದ ನೆಲಕ್ಕೆ ಇಳಿಯುವಂತಿರಲಿಲ್ಲ. ಹಲಗೂರಿನ ಬಸ್ ಸ್ಟಾಂಡಿನಿಂದ ನಾಲ್ಕು ಮೈಲಿ ಒಳಗೆ, ಇನ್ನೂರು ಮನೆಯ ಊರು. ಡಾಕ್ಟರು ಕೈಬಿಟ್ಟು, ಆಂಬುಲೆನ್ಸು ಮನೆ ಬಾಗಿಲಿಗೆ ಬಿಟ್ಟು ಹೋದ ಮೇಲೆ ಕರಿಯಯ್ಯನಿಗೆ ಕರೆ ಹೋಗುತ್ತಿತ್ತು. ಅವನು ಬಂದು, ಕಾಲು ತೊಳೆದು, ಯಾರ ಜೊತೆಗೂ ಮಾತಾಡದೆ ಮಲಗಿದವರ ಮಣಿಕಟ್ಟು ಹಿಡಿದು ಕೂರುತ್ತಿದ್ದ. ಆಮೇಲೆ ಅಂಗಾಲು ಮುಟ್ಟಿ ನೋಡುತ್ತಿದ್ದ, ಮೂಗಿನ ತುದಿ ಮುಟ್ಟುತ್ತಿದ್ದ, ಕಿವಿಯ ಹಾಲೆ ಹಿಂಡುತ್ತಿದ್ದ. ಕೊನೆಗೆ ಎರಡರಲ್ಲಿ ಒಂದು ಮಾತು ಹೇಳುತ್ತಿದ್ದ. ಒಂದು "ಇನ್ನಾ ಅದೆ", ಇನ್ನೊಂದು "ಇಳ್ಸಿ".

ಇಳಿಸಿ ಎಂದರೆ ಚಾಪೆ ಹಾಸಿ ನೆಲದ ಮೇಲೆ ಮಲಗಿಸಿ ಎಂದು ಅರ್ಥ. ಪ್ರಾಣ ಹೋಗುವಾಗ ಮೈ ನೆಲ ಮುಟ್ಟಿರಬೇಕು ಎನ್ನುವುದು ಅಲ್ಲಿಯವರ ನಂಬಿಕೆ. ಮಂಚದ ಮೇಲೆ ಹೋದರೆ ಅಂತರದಲ್ಲಿ ಹೋದ ಹಾಗೆ, ಜೀವಕ್ಕೆ ಮೇಲೂ ಇಲ್ಲ ಕೆಳಗೂ ಇಲ್ಲ. ಹಾಗಂತ ಅವಸರಪಟ್ಟು ಇಳಿಸುವ ಹಾಗೂ ಇಲ್ಲ. ಒಮ್ಮೆ ಇಳಿಸಿದವರನ್ನು ಮತ್ತೆ ಮಂಚ ಹತ್ತಿಸಿದರೆ, ಬಂದ ಸಾವು ಬರಿಗೈಲಿ ಹೋಗದೆ ಮನೆಯ ಇನ್ನೊಬ್ಬರನ್ನು ನೋಡುತ್ತದೆ ಎಂಬ ಭಯ. ಹೀಗಾಗಿ ಆ ಒಂದು ಮಾತನ್ನು ಸರಿಯಾದ ಹೊತ್ತಿಗೆ ಹೇಳುವವನು ಬೇಕಾಗಿತ್ತು. ನಲವತ್ತು ವರ್ಷದಿಂದ ಕರಿಯಯ್ಯ ಹೇಳುತ್ತಿದ್ದ. ಅವನಿಗೆ ಇದನ್ನು ಯಾರೂ ಕಲಿಸಿದ್ದಲ್ಲ. ರೇಷ್ಮೆ ಹುಳು ಸಾಕುವ ಮನೆಯವನು. ಹಣ್ಣಾದ ಹುಳು ಯಾವುದು, ಇನ್ನೂ ಸೊಪ್ಪು ತಿನ್ನುವ ಹುಳು ಯಾವುದು ಎಂದು ಸಾವಿರಾರು ಹುಳುವಿನ ನಡುವೆ ಕಣ್ಣಳತೆಯಲ್ಲೇ ಆರಿಸುತ್ತಿದ್ದ. ಹಣ್ಣಾಗದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ಅದು ಸುಮ್ಮನೆ ಅಲೆದು ಸಾಯುತ್ತದೆ. ತಡಮಾಡಿದರೆ ಸೊಪ್ಪಿನ ನಡುವೆಯೇ ನೂಲು ಬಿಟ್ಟು ಹಾಳಾಗುತ್ತದೆ. ಇಷ್ಟು ಗೊತ್ತಿದ್ದವನಿಗೆ ಮನುಷ್ಯರದೂ ಗೊತ್ತಾಗುತ್ತದೆ ಎಂದು ಊರು ತೀರ್ಮಾನಿಸಿತ್ತು. ಕರಿಯಯ್ಯನೂ ಬೇಡ ಅನ್ನಲಿಲ್ಲ.

ಬೇಡ ಅನ್ನುವುದಿರಲಿ, ಅವನಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಯಾರ ಮನೆಯಲ್ಲೂ ಕಣ್ಣೀರು ಹಾಕಿದವನಲ್ಲ. ಹೇಳಬೇಕಾದ್ದು ಹೇಳಿ, ಕೊಟ್ಟ ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಬಂದುಬಿಡುತ್ತಿದ್ದ. ಹೆಂಡತಿ ಹೊಂಬಾಳಮ್ಮನಿಗೆ ಮಾತ್ರ ಗಂಡನ ಈ ದೊಡ್ಡಸ್ತಿಕೆ ನೋಡಿದರೆ ತಮಾಷೆ. ಅವನು ಹೊರಡುವಾಗಲೆಲ್ಲ ಸೊಪ್ಪು ಕತ್ತರಿಸುತ್ತ ಕೂತಲ್ಲಿಂದಲೇ ಕೇಳುತ್ತಿದ್ದಳು.

"ಇವತ್ತು ಯಾರ್ ಮನೇದು ಹಣ್ಣಾಯ್ತು?"

"ಬಾಯ್ ಮುಚ್ಕೊಂಡಿರು ಅಮ್ಮಿ. ಸತ್ತೋರ್ ಮನೆ ವಿಚಾರ."

"ಸತ್ತಿಲ್ವಲ್ಲ ಇನ್ನಾ. ನೀನ್ ಓಗಿ ಯೋಳ್ಬೇಕಲ್ಲ."

ಆ ಹೊಂಬಾಳಮ್ಮನಿಗೇ ಗರ್ಭಕೋಶದ ಕ್ಯಾನ್ಸರ್ ಆಯಿತು. ಮಗ ಚಲುವರಾಜು ಒಂದು ವರ್ಷ ಮೈಸೂರಿಗೆ ಓಡಾಡಿದ. ಆಪರೇಷನ್ ಆಯಿತು, ಕೂದಲು ಉದುರುವ ಔಷಧಿ ಆಯಿತು. ಮಾಘ ಮಾಸ ಕಳೆದ ಮೇಲೆ ಡಾಕ್ಟರು ಚಲುವರಾಜುವನ್ನು ಪಕ್ಕಕ್ಕೆ ಕರೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ, ನೋವಿಲ್ಲದ ಹಾಗೆ ಇಟ್ಟುಕೊಳ್ಳಿ ಎಂದರು. ನೋವು ತಡೆಯಲು ಒಂದು ಚಿಕ್ಕ ಮಾತ್ರೆ ಬರೆದುಕೊಟ್ಟರು. ಚಲುವರಾಜು ಮಳವಳ್ಳಿಯಿಂದ ಒಂದು ಕಬ್ಬಿಣದ ಮಂಚ ತಂದ, ಬೆನ್ನು ಹುಣ್ಣಾಗದಿರಲಿ ಎಂದು ಗಾಳಿ ತುಂಬುವ ಹಾಸಿಗೆ ತಂದ. ಸೊಸೆ ನಯನ ಮಾತ್ರೆ ಕೊಟ್ಟ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು, ಸಾಯುವುದನ್ನು ಹಾಗೆ ಅನ್ನಬಹುದಾದರೆ.

ಕರಿಯಯ್ಯ ದಿನಕ್ಕೆರಡು ಸಲ ಹೆಂಡತಿಯ ಕೈ ಹಿಡಿದು ನೋಡುತ್ತಿದ್ದ. ಅವನ ತಲೆಯಲ್ಲಿ ಒಂದು ಯೋಚನೆ ಕೊರೆಯುತ್ತಿತ್ತು. ಕಂಡವರ ಮನೆಯಲ್ಲಿ ಕಲ್ಲಿನ ಹಾಗೆ ಕೂತು ಹೇಳಿದವನು, ಸ್ವಂತ ಹೆಂಡತಿಯ ಸರದಿ ಬಂದಾಗ ಹೊತ್ತು ಮೀರಿಸಿದ ಅಂತ ಆಗಬಾರದು. ಅವಳು ಅಂತರದಲ್ಲಿ ಹೋಗಬಾರದು. ಊರು ಬೆರಳು ತೋರಿಸಬಾರದು. ಈ ಎರಡರಲ್ಲಿ ಯಾವುದು ಮೊದಲು ಎಂದು ಅವನನ್ನು ಕೇಳಿದ್ದರೆ ಅವನಿಗೂ ಹೇಳಲು ಆಗುತ್ತಿರಲಿಲ್ಲ.

ಹುಳುಗಳು ಮೂರನೇ ಜ್ವರಕ್ಕೆ ಕೂತ ದಿನ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗದೆ ನಿಲ್ಲುವುದನ್ನು ಜ್ವರ ಅನ್ನುತ್ತಾರೆ. ಆ ದಿನ ಸೊಪ್ಪಿನ ಕೆಲಸವಿಲ್ಲದ್ದರಿಂದ ಕರಿಯಯ್ಯ ಬೆಳಗ್ಗೆಯೇ ಹೆಂಡತಿಯ ಪಕ್ಕ ಕೂತಿದ್ದ. ಒಂಬತ್ತು ಗಂಟೆಗೆ ಕೈ ಹಿಡಿದರೆ ನಾಡಿ ನಿಧಾನವಾಗಿತ್ತು. ಉಸಿರು ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟೋ ಹೊತ್ತು ನಿಲ್ಲುತ್ತಿತ್ತು. ಕೂಗಿದರೆ ಓಗೊಡಲಿಲ್ಲ. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಅಂಗಾಲು ತಣ್ಣಗಿತ್ತು. ಕರಿಯಯ್ಯ ಎದ್ದು ನಿಂತ.

"ಇಳ್ಸಿ" ಅಂದ.

ಚಲುವರಾಜು ಅಪ್ಪನ ಮುಖ ನೋಡಿದ. ಅಪ್ಪನ ಮುಖದಲ್ಲಿ ಏನೂ ಇರಲಿಲ್ಲ. ಚಾಪೆ ಹಾಸಿದರು, ಇಳಿಸಿದರು, ತಲೆಯ ಹತ್ತಿರ ದೀಪ ಹಚ್ಚಿದರು, ಫೋನು ಮಾಡಿದರು. ಕೊಕ್ಕರೆ ಬೆಳ್ಳೂರಿನಿಂದ ಹೊಂಬಾಳಮ್ಮನ ಅಕ್ಕ ಮರಿತಾಯಮ್ಮ ಆಟೋ ಮಾಡಿಕೊಂಡು ಮಧ್ಯಾಹ್ನಕ್ಕೆ ಬಂದಳು. ಬಂದವಳೇ ತಂಗಿಯ ತಲೆ ತೊಡೆಯ ಮೇಲಿಟ್ಟುಕೊಂಡು ಒಂದು ಸುತ್ತು ಅತ್ತು, ತುಳಸಿ ನೀರನ್ನು ಬಾಯಿಗೆ ಬಿಡತೊಡಗಿದಳು. ಮರಿತಾಯಮ್ಮನದು ಯಾವಾಗಲೂ ಧಾರಾಳದ ಕೈ. ಮೂರನೇ ಚಮಚಕ್ಕೆ ಹೊಂಬಾಳಮ್ಮ ಕೆಮ್ಮಿದಳು.

"ಸಾಕು ಬುಡೇ ಅಕ್ಕಾ, ಉಸ್ರು ಕಟ್ಟತದೆ."

ಮನೆ ತುಂಬ ಇದ್ದ ಜನ ಹತ್ತಿರ ಬಗ್ಗಿ ನೋಡಿದರು. ಹೊಂಬಾಳಮ್ಮ ಕಣ್ಣು ಬಿಟ್ಟು ಮೇಲೆ ನೋಡಿದಳು. ಮಂಚದ ಕಾಲು ಕಂಡಿತು, ಮಂಚದ ಅಡಿ ಕಂಡಿತು, ದೀಪ ಕಂಡಿತು. ನಲವತ್ತಾರು ವರ್ಷ ಕರಿಯಯ್ಯನ ಜೊತೆ ಬಾಳಿದವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅಷ್ಟು ಜನರ ನಡುವೆ ಗಂಡನನ್ನು ಹುಡುಕಿ ಅವನನ್ನೇ ನೋಡಿದಳು.

"ಇನ್ನಾ ಹಣ್ಣಾಗಿಲ್ಲ ಕಣಯ್ಯಾ. ಅವಸ್ರ ಮಾಡ್ಬುಟ್ಟೆ."

ಇಬ್ಬರು ಮೂವರು ನಕ್ಕರು, ನಗಬಾರದು ಎಂದು ನೆನಪಾಗಿ ನಿಲ್ಲಿಸಿದರು. ನಯನ ಮಾವನನ್ನು ಅಡಿಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು.

"ಬೆಳಗ್ಗೆ ನೀವು ಹುಳದ್ ಮನೇಲಿದ್ದಾಗ ನೋವು ಅಂತ ಅಳ್ತಿದ್ರು ಮಾವ. ಇನ್ನೊಂದ್ ಮಾತ್ರೆ ಕೊಟ್ಟಿದ್ದೆ. ತಡ್ಯಕಾಗ್ದಿದ್ರೆ ಕೊಡಿ ಅಂತ ಡಾಕ್ಟ್ರೇ ಯೋಳಿದ್ರಲ್ಲ. ಅದ್ಕೇ ಅಂಗೆ ಮಂಪ್ರು."

"ನಂಗ್ಯಾಕೆ ಯೋಳ್ನಿಲ್ಲ?"

"ನೀವು ಕೇಳ್ನಿಲ್ಲ."

ಅದು ನಿಜ. ನಲವತ್ತು ವರ್ಷದಲ್ಲಿ ಕರಿಯಯ್ಯ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕ್ಯಾಲೆಂಡರಿನ ಗುರುತು ಅವನ ಕಣ್ಣೆದುರಿಗೇ ಇತ್ತು. ಆ ಮಾತ್ರೆ ಉಸಿರನ್ನು ಹೀಗೆ ಇಳಿಸುತ್ತದೆ, ಕಣ್ಣಿನ ಪಾಪೆಯನ್ನು ಹೀಗೆ ಚಿಕ್ಕದು ಮಾಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆದರೆ ತಪ್ಪನ್ನು ಮಾತ್ರೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಷ್ಟು ಅಗ್ಗದ ಮನುಷ್ಯನಲ್ಲ ಅವನು. ತಾನು ಹೆದರಿ ಮುಂಚೆ ಹೇಳಿದೆ ಎಂದು ಅವನಿಗೆ ಒಳಗೇ ತಿಳಿದಿತ್ತು.

ಈಗ ಅವಳು ನೆಲದ ಮೇಲಿದ್ದಳು. ಚಾಪೆಯ ಮೇಲೆ ಎರಡು ಕಂಬಳಿ ಹಾಸಿದರೂ ನೆಲ ನೆಲವೇ. ಗಾಳಿ ಹಾಸಿಗೆಯನ್ನು ಕೆಳಕ್ಕೆ ಹಾಸೋಣ ಎಂದು ನಯನ ಎಳೆದಾಗ ಮರಿತಾಯಮ್ಮ ತಡೆದಳು. ನೆಲ ಮುಟ್ಟಿಸಲಿಕ್ಕೇ ಇಳಿಸುವುದು, ನಡುವೆ ಒಂದು ಗೇಣು ಗಾಳಿ ಇಟ್ಟರೆ ಅದಕ್ಕೇನು ಅರ್ಥ ಎಂದು ಅವಳ ವಾದ. ಮತ್ತೆ ಮಂಚ ಹತ್ತಿಸುವ ಮಾತನ್ನಂತೂ ಅವಳ ಮುಂದೆ ಎತ್ತುವ ಹಾಗೇ ಇರಲಿಲ್ಲ.

"ಬಂದಿರೋದು ಸುಮ್ಕೆ ಓಯ್ತದಾ? ಮನೇಲಿ ಚಿಕ್ಕ್ ಮಕ್ಳವೆ. ನಾನ್ ಯೋಳ್ತಿರೋದಲ್ಲ ಕಣವ್ವ, ನಿಮ್ಮಾವ್ನೇ ಊರ್ಗೆಲ್ಲ ಯೋಳಿರೋದು. ಕೇಳು ಬೇಕಾರೆ."

ನಯನ ಮಾವನ ಕಡೆ ನೋಡಿದಳು. ಚಲುವರಾಜು, "ಅಪ್ಪಾ, ನೀನ್ ಯೋಳು" ಅಂದ. ಕರಿಯಯ್ಯ ಹೆಗಲ ಟವಲು ಕೊಡವಿ ಹುಳದ ಮನೆಗೆ ಹೋದ. ಅಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ತಲೆಯೆತ್ತಿ ನಿಂತ ಹುಳುಗಳನ್ನು ನೋಡುತ್ತ ನಿಂತ.

ಎರಡನೆಯ ದಿನಕ್ಕೆ ಬೆನ್ನಿಗೆ ಹುಣ್ಣಾಗಿ ಬಾಯಿಬಿಟ್ಟಿತು. ಪಕ್ಕ ಹೊರಳಿಸುವಾಗ ಹೊಂಬಾಳಮ್ಮ ಸೆರಗಿನ ತುದಿ ಕಚ್ಚಿಕೊಳ್ಳುತ್ತಿದ್ದಳು. ಮಂಚಕ್ಕೆ ಹಾಕಿ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಕರಿಯಯ್ಯನಿಗೆ ಇಲ್ಲ ಅನ್ನಲು ಒಂದು ದಾರಿ ಸಿಗುತ್ತಿತ್ತು. ಅವಳ ತಲೆಯ ಮೇಲೆ, ಕೈಗೆಟುಕುವಷ್ಟು ಹತ್ತಿರ, ಗಾಳಿ ತುಂಬಿದ ಹಾಸಿಗೆ ಖಾಲಿ ಬಿದ್ದಿತ್ತು. ಕರಿಯಯ್ಯನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ, ಜೀವನದಲ್ಲಿ ಮೊದಲ ಸಲ, ತನ್ನ ಮಾತಿಗೇ ಭಯವಾಗುತ್ತಿತ್ತು.

ಮೂರನೆಯ ದಿನ ಸಂಜೆ ಶಶಿಧರ್ ಮೇಷ್ಟ್ರು ನೋಡಲು ಬಂದ. ಹಲಗೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವನು, ಇದೇ ಊರಿನವನು. ಒಂದು ಪೊಟ್ಟಣ ಬಿಸ್ಕತ್ತು, ನಾಲ್ಕು ಎಳನೀರು ತಂದು ಬಾಗಿಲ ಮೂಲೆಯಲ್ಲಿಟ್ಟ. ಅವನನ್ನು ಕಂಡ ಕೂಡಲೇ ಕರಿಯಯ್ಯನಿಗೆ ಆರು ವರ್ಷದ ಹಿಂದಿನದು ನೆನಪಾಯಿತು. ಅಲ್ಲಿಯವರೆಗೆ ನೆನಪಾಗಿರಲಿಲ್ಲ.

ಶಶಿಧರನ ತಾಯಿಯನ್ನು ಇಳಿಸಿ ಎಂದವನೂ ಕರಿಯಯ್ಯನೇ. ಆ ಮುದುಕಿ ಇಳಿಸಿದ ಮೇಲೆ ಹನ್ನೊಂದು ದಿನ ಬದುಕಿತ್ತು. ಧನುರ್ಮಾಸದ ಚಳಿ. ನಾಲ್ಕನೆಯ ದಿನ ಶಶಿಧರ್ ಬಂದು, ಅವ್ವಂಗೆ ಚಳಿ ತಡ್ಯಕಾಯ್ತಿಲ್ಲ, ಮ್ಯಾಲೆ ಮಲಗ್ಸಣ್ವಾ ಯಜಮಾನ್ರೇ, ಎಂದು ಕೇಳಿದ್ದ. ಇಳಿಸಿದ ಮೇಲೆ ಎತ್ತುವುದಿಲ್ಲ ಎಂದು ಕರಿಯಯ್ಯ ಹೇಳಿ ಕಳಿಸಿದ್ದ. ಮುದುಕಿ ಮಗಳ ಮುಖ ನೋಡಲು ಜೀವ ಹಿಡಿದುಕೊಂಡಿತ್ತು ಎಂದು ಊರು ಕಥೆ ಕಟ್ಟಿತು, ಕರಿಯಯ್ಯನ ಹೆಸರು ಉಳಿಯಿತು. ಮಗಳು ಮೊದಲ ದಿನವೇ ಬಂದಿದ್ದಳು ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶಶಿಧರ್ ಹೊಂಬಾಳಮ್ಮನ ಪಕ್ಕ ಕೂತು, "ಹೆಂಗಿದ್ದೀರವ್ವಾ" ಎಂದು ಕೇಳಿದ. "ಇವ್ನಿ ಕಣಪ್ಪ, ಕೆಳಗೆ" ಅಂದಳು ಅವಳು. ಅವನು ಚಾಪೆಯ ಅಂಚಿನಲ್ಲಿ ಅಂಗೈಯನ್ನು ನೆಲಕ್ಕೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇಟ್ಟ. ಆಮೇಲೆ ಕೈ ತೆಗೆದುಕೊಂಡ.

"ತಣ್ಣಗಿದೆ" ಅಂದ. ಕರಿಯಯ್ಯನ ಕಡೆ ನೋಡಿ ಹೇಳಲಿಲ್ಲ, ಯಾರ ಕಡೆಯೂ ನೋಡಿ ಹೇಳಲಿಲ್ಲ.

ಕರಿಯಯ್ಯ ಗೋಡೆಗೆ ಒರಗಿ ಕೂತಿದ್ದವನು ಎದ್ದ. ಬಂದು ಹೆಂಡತಿಯ ಕಾಲ ಬಳಿ ಬಗ್ಗಿ ಕಂಬಳಿಯ ಎರಡು ಮೂಲೆ ಹಿಡಿದುಕೊಂಡ.

"ಮೇಷ್ಟ್ರೇ, ತಲೆ ಕಡೆ ಇಡ್ಕೊಳ್ಳಿ."

"ಏನ್ ಮಾಡ್ತಿದ್ದೀಯಪ್ಪಾ?" ಮರಿತಾಯಮ್ಮ ಅಡ್ಡ ಬಂದಳು.

"ಮ್ಯಾಲೆ ಮಲಗುಸ್ತೀನಿ."

"ಎತ್ಬಾರ್ದು ಅಂತ ಊರ್ಗೆಲ್ಲ ಯೋಳ್ದೋನು ನೀನೇ."

"ಊಂ, ನಾನೇ. ಎತ್ತು ಅಂತ್ಲೂ ಈಗ ನಾನೇ ಯೋಳ್ತಾವ್ನಿ. ಬಂದಿರೋದು ಯಾರ್ನಾರ ನೋಡೋದಾದ್ರೆ ನನ್ನೇ ನೋಡ್ಲಿ. ಸರ್ಕೊಳಿ ಅತ್ಗೆಮ್ಮ."

ಮರಿತಾಯಮ್ಮ ಸರಿದಳು. ಶಶಿಧರ್ ತಲೆಯ ಕಡೆ ಹಿಡಿದ, ಚಲುವರಾಜು ಓಡಿಬಂದು ನಡುವೆ ಕೈ ಕೊಟ್ಟ. ಎತ್ತಿ ಹಾಸಿಗೆಯ ಮೇಲೆ ಬಿಟ್ಟಾಗ ಹೊಂಬಾಳಮ್ಮ ಹಾ ಎಂದು ಉಸಿರು ಬಿಟ್ಟಳು. ನಯನ ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು. ಶಶಿಧರ್ ಕಾಫಿ ಕುಡಿಯದೆ ಹೊರಟುಹೋದ.

ಸುದ್ದಿ ಊರಲ್ಲಿ ಹಬ್ಬಲು ಅರ್ಧ ಗಂಟೆ ಸಾಕಾಯಿತು. ಕರಿಯಯ್ಯ ತನಗೊಂದು ಊರಿಗೊಂದು ಮಾಡಿದ ಎಂದು ಡೈರಿ ಮುಂದೆ ಹಾಲು ಹಾಕುವವರು ಆಡಿಕೊಂಡರು. ಆಡಿಕೊಂಡಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕರಿಯಯ್ಯ ಎರಡೂ ಹೊತ್ತು ಹಾಲು ಹಾಕಲು ತಾನೇ ಹೋದ, ಕೇಳಿಸಿಕೊಂಡು ಬಂದ.

ಹೊಂಬಾಳಮ್ಮ ಆಮೇಲೆ ಒಂಬತ್ತು ದಿನ ಇದ್ದಳು. ಅದರಲ್ಲಿ ಐದು ದಿನ ಮಾತಾಡಿದಳು. ನಾಲ್ಕನೇ ಜ್ವರ ಎದ್ದವಾ, ಸೊಪ್ಪು ಸಾಲುತ್ತದಾ, ಪಕ್ಕದ ಹೊಲದವರ ಹತ್ತಿರ ಎರಡು ಹೊರೆ ಕೇಳಿ ಇಟ್ಟುಕೊ ಎಂದೆಲ್ಲ ಮಂಚದ ಮೇಲಿಂದಲೇ ಯಜಮಾನಿಕೆ ನಡೆಸಿದಳು. ಕರಿಯಯ್ಯ ಈಗ ಕೇಳುವುದನ್ನು ಕಲಿತಿದ್ದ. ಕೈ ಹಿಡಿಯುವ ಮೊದಲು ಕ್ಯಾಲೆಂಡರ್ ನೋಡುತ್ತಿದ್ದ, ಎಷ್ಟು ಹೊತ್ತಿಗೆ ಕೊಟ್ಟೆ ಎಂದು ಸೊಸೆಯನ್ನು ವಿಚಾರಿಸುತ್ತಿದ್ದ. ಮರಿತಾಯಮ್ಮ ಮುನಿಸಿಕೊಂಡು ಊರಿಗೆ ಹೋಗುತ್ತೇನೆ ಎಂದಳು, ಹೋಗಲಿಲ್ಲ.

ಹುಳು ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಣ್ಣಾದದ್ದನ್ನು ಆ ಹೊತ್ತಿಗೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಮಗ, ಸೊಸೆ, ಕರೆದು ತಂದ ಇಬ್ಬರು ಆಳು, ಕೊನೆಗೆ ಮರಿತಾಯಮ್ಮನೂ ಹುಳದ ಮನೆ ಸೇರಿದ್ದರು. ಮನೆಯಿಂದ ಅಲ್ಲಿಗೆ ಮೂವತ್ತು ಹೆಜ್ಜೆ. ಕರಿಯಯ್ಯ ಆರಿಸುವುದನ್ನು ಬಿಟ್ಟು ಹೆಂಡತಿಯ ಹತ್ತಿರ ಬಂದು ಕೂತಾಗ ಮಧ್ಯಾಹ್ನ ಮೂರು ಗಂಟೆ.

"ಎಂಗವೆ?" ಎಂದಳು. ನಾಲ್ಕು ದಿನದ ಮೇಲೆ ಮಾತು.

ಅವನು ಟವಲಿನ ತುದಿಯಲ್ಲಿ ಕಟ್ಟಿ ತಂದಿದ್ದ ಒಂದು ಹುಳುವನ್ನು ಅವಳ ಅಂಗೈಗೆ ಬಿಟ್ಟ. ಮೈ ಹಳದಿಗೆ ತಿರುಗಿ, ಬೆಳಕು ಒಳಗೆ ಹಾಯುವಂತಿದ್ದ ಹುಳು. ಅವಳು ಕೈ ಎತ್ತಲು ನೋಡಿದಳು, ಆಗಲಿಲ್ಲ. ಅವನು ಮುಂಗೈ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ.

"ಹಣ್ಣಾಗದೆ" ಎಂದಳು.

ಕರಿಯಯ್ಯನ ಬೆರಳು ಅವಳ ಮಣಿಕಟ್ಟಿನ ಮೇಲಿತ್ತು. ಅಲ್ಲಿ ನಾಡಿ ಇರಲಿಲ್ಲ. ಅವನು ಬೆರಳನ್ನು ಮೇಲಕ್ಕೆ ಸರಿಸಿದ. ಮೊಣಕೈಯ ಮಡಿಕೆಯಲ್ಲಿ ಸಿಕ್ಕಿತು, ನೂಲಿನಷ್ಟು ಸಣ್ಣದಾಗಿ. ಅವನು ಕ್ಯಾಲೆಂಡರ್ ನೋಡಿದ. ಬೆಳಗಿನಿಂದ ಮಾತ್ರೆ ಕೊಟ್ಟಿರಲಿಲ್ಲ. ಈ ಸಲ ಅನುಮಾನಕ್ಕೆ ಜಾಗವಿರಲಿಲ್ಲ. ಇನ್ನು ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆ. ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ನಾಲ್ಕು ಜನ ಓಡಿಬರುತ್ತಿದ್ದರು.

"ನಂದು?" ಎಂದು ಕೇಳಿದಳು ಹೊಂಬಾಳಮ್ಮ.

"ನಿಂದಿನ್ನಾ ಇಲ್ಲ ಬುಡು ಅಮ್ಮಿ" ಅಂದ ಕರಿಯಯ್ಯ. "ಮಲಗು."

ನಲವತ್ತು ವರ್ಷದಲ್ಲಿ ಅವನು ಗೊತ್ತಿದ್ದೂ ಹೇಳಿದ ಮೊದಲ ಸುಳ್ಳು ಅದು. ಅವಳು ನಂಬಿದಳೋ ಇಲ್ಲವೋ, ಕಣ್ಣು ಮುಚ್ಚಿದಳು. ಮೆತ್ತನೆಯ ಹಾಸಿಗೆಯ ಮೇಲೆ ಅವಳ ಬೆನ್ನು ನೆಟ್ಟಗಿತ್ತು, ಮುಖದಲ್ಲಿ ನೋವಿರಲಿಲ್ಲ. ಅವನು ಹುಳುವನ್ನು ಅವಳ ಅಂಗೈಯಿಂದ ತೆಗೆದು ಟವಲಿಗೆ ಹಾಕಿಕೊಂಡ. ಕೈ ಮಾತ್ರ ಬಿಡಲಿಲ್ಲ. ಕೂಗಲಿಲ್ಲ. ಅತ್ತುಬಿಟ್ಟ, ಯಾರೂ ನೋಡುವವರಿರಲಿಲ್ಲ. ಮೊಣಕೈಯಲ್ಲೂ ನಿಂತ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಮುಖ ತೊಳೆದುಕೊಂಡು ಹುಳದ ಮನೆಗೆ ಹೋದ.

"ಓಗ್ಬುಟ್ಲು" ಅಂದ.

ಮರಿತಾಯಮ್ಮ ಮಂಚದ ಮೇಲಿದ್ದ ತಂಗಿಯನ್ನು ಕಂಡು ಎದೆ ಬಡಿದುಕೊಂಡಳು. ಸೇರಿದ ಹಿರಿಯರು ಕೇಳಿಯೇ ಕೇಳಿದರು. ಪಕ್ಕದಲ್ಲೇ ಕೂತಿದ್ದೆಯಲ್ಲ ಕರಿಯಯ್ಯ, ಕೈ ಹಿಡಿದೇ ಕೂತಿದ್ದೆಯಲ್ಲ, ಇಳಿಸಬೇಕು ಅಂತ ಗೊತ್ತಾಗಲಿಲ್ಲವಾ?

"ಗೊತ್ತಾಗ್ನಿಲ್ಲ" ಅಂದ ಕರಿಯಯ್ಯ.

ಅಲ್ಲಿಗೆ ಅವನ ಹೆಸರು ಹೋಯಿತು. ವಯಸ್ಸಾಯಿತು, ಕೈಗುಣ ಹೋಯಿತು ಎಂದರು. ಹೆಂಡತಿಯದೇ ಎರಡು ಸಲ ತಪ್ಪಿದವನನ್ನು ಇನ್ನು ಯಾರು ಕರೆಯುತ್ತಾರೆ? ಮುಂದಿನ ವಾರ ಕೆಳಗಿನ ಬೀದಿಯಲ್ಲಿ ಒಬ್ಬರು ಮಲಗಿದಾಗ ಅವನಿಗೆ ಕರೆ ಬರಲಿಲ್ಲ. ಮಂಚವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು ಎಂದು ಮರಿತಾಯಮ್ಮ ಹಟ ಹಿಡಿದಿದ್ದರಿಂದ, ಚಲುವರಾಜು ಅದನ್ನು ಹೊರಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಚಪ್ಪರದಡಿ ನಿಲ್ಲಿಸಿದ. ಬಂದುಹೋದ ನೆಂಟರು ಅದನ್ನು ಸುತ್ತುಬಳಸಿ ನಡೆದರು, ಯಾರೂ ಕೂರಲಿಲ್ಲ.

ಹನ್ನೊಂದನೆಯ ದಿನದ ತಿಥಿ ಊಟ ಮುಗಿಸಿ ಶಶಿಧರ್ ಚಪ್ಪರದ ಕಡೆ ಬಂದ. ಕರಿಯಯ್ಯ ಸೊಪ್ಪಿನ ಹೊರೆಯ ಮೇಲೆ ಕೂತಿದ್ದ. ಶಶಿಧರ್ ಸುತ್ತ ಒಮ್ಮೆ ನೋಡಿ, ಮಂಚದ ಮೇಲೆ ಕೂತ.

"ನಿಜವಾಗ್ಲೂ ಗೊತ್ತಾಗ್ಲಿಲ್ವಾ ಯಜಮಾನ್ರೇ?"

ಕರಿಯಯ್ಯ ಸೊಪ್ಪಿನ ಒಂದು ಎಲೆ ಹರಿದು ತೊಟ್ಟು ಮುರಿದ.

"ಗೊತ್ತಾಯ್ತು. ಎಲ್ಲಾ ಗೊತ್ತಾಯ್ತು. ನೆಲ ತಣ್ಗಿತ್ತು, ಅದ್ಕೆ ಯೋಳ್ನಿಲ್ಲ." ಎಲೆಯನ್ನು ಹೊರೆಗೇ ಹಾಕಿ ಮತ್ತೆ ಹೇಳಿದ. "ಅವತ್ತು ನೀವು ಬಂದು ಕೇಳ್ದಾಗ, ನಿಮ್ಮವ್ವನ್ನೂ ಎತ್ತಿ ಮಲಗುಸ್ರಪ್ಪ ಅನ್ಬೋದಾಗಿತ್ತು. ಅನ್ನಿಲ್ಲ. ತಪ್ಪಾಯ್ತು."

ಶಶಿಧರ್ ಮಂಚದ ಕಬ್ಬಿಣದ ಅಂಚನ್ನು ಅಂಗೈಯಲ್ಲಿ ಒರೆಸಿದ.

"ಹನ್ನೊಂದ್ ದಿನ" ಅಂದ.

"ಊಂ. ಹನ್ನೊಂದ್ ದಿನ."

ಶಶಿಧರ್ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟ. ಕರಿಯಯ್ಯ ಎದ್ದು ಹೋಗಿ ಅವನ ಪಕ್ಕ ಮಂಚದ ಮೇಲೆ ಕೂತ.